ಒಡಿಲೋನನ ಅಟ್ಟಣೆ ಮನೆಯಾದದ್ದು

ಅಕ್ಟೋಬರ್ ಬಂತೆಂದರೆ ಒಡಿಲೋನನಿಗೆ ಹೆಂಡತಿಯ ನೆನಪೂ ಇರುವುದಿಲ್ಲ, ಮಂಡಿನೋವಿನ ನೆನಪೂ ಇರುವುದಿಲ್ಲ. ಕಾಡುಪಾರಿವಾಳಗಳು ಹಿಂಡುಹಿಂಡಾಗಿ ಸ್ಪೇನ್ ಕಡೆಗೆ ಹೊರಡುವ ತಿಂಗಳದು; ಫ್ರಾನ್ಸಿನ ಗ್ಯಾಸ್ಕನಿ ಸೀಮೆಯ ಗಂಡಸರೆಲ್ಲ ತಲೆ ಎತ್ತಿಕೊಂಡೇ ಓಡಾಡಿ ಚರಂಡಿಗೆ ಬೀಳುತ್ತಾರೆ. "ಈ ತಿಂಗಳು ನಾನು ಗಂಡ ಇಲ್ಲದೋಳು" ಎಂದು ಅವನ ಹೆಂಡತಿ ಇವೆಟ್ ಮಾಂಸದಂಗಡಿಯಲ್ಲಿ ನಿಂತು ಸಾರುತ್ತಿದ್ದಳು. ಮುಖದಲ್ಲಿ ದುಃಖವೇನೂ ಕಾಣುತ್ತಿರಲಿಲ್ಲ.

ಇಡೀ ಆಯುಷ್ಯ ಊರವರ ಮಾಡಿಗೆ ಹೆಂಚು ಹೊದಿಸಿದವನು ಒಡಿಲೋನ್. ಕೆಲಸ ಬಿಟ್ಟ ಮೇಲೆ ಓಕ್ ತೋಪಿನಲ್ಲಿ ಮರದ ಮೇಲಿದ್ದ ಬೇಟೆಯ ಅಟ್ಟಣೆಯೇ ಅವನ ಜೀವವಾಯಿತು. ಅಪ್ಪ ಕಟ್ಟಿದ್ದು ಬರೀ ಹಲಗೆ, ಮೇಲೆ ಜರಿಗಿಡದ ಸೊಪ್ಪು. ಮಗ ಒಲೆ ಹೂಡಿದ, ಮಂಚ ಹಾಕಿದ, ನಲ್ಲಿ ಎಳೆದ, ಕಿಟಕಿಗೆ ಹೂವಿನ ಪರದೆಯನ್ನೂ ಕಟ್ಟಿದ. ಪಕ್ಕದ ಕೊಂಬೆಯ ಮೇಲೆ ಸಾಕಿದ ಪಾರಿವಾಳವೊಂದು ಕೂತಿರುತ್ತದೆ. ಕಾಲಿಗೆ ಕಟ್ಟಿದ ದಾರ ಜಗ್ಗಿದರೆ ಅದು ರೆಕ್ಕೆ ಬಡಿಯಬೇಕು, ಅದನ್ನು ನೋಡಿ ಮೇಲಿನ ಹಿಂಡು ಇಳಿಯಬೇಕು.

ಇಳಿದರೆ ತಾನೇ! ಒಡಿಲೋನನೂ ಗೆಳೆಯ ಗ್ರಾಸಿಯನ್ನನೂ ಬಾತಿನ ಮಾಂಸ ಹುರಿದು, ಕೆಂಪು ವೈನ್ ಬಗ್ಗಿಸಿಕೊಂಡು ಕೂರುತ್ತಿದ್ದರು. ಹಿಂಡು ಕಂಡೊಡನೆ "ಶ್!" ಎಂದರೆ ಬಾಯೊಳಗಿನ ತುತ್ತೂ ಅಲ್ಲೇ ನಿಲ್ಲಬೇಕು. ಆಮೇಲೆ ಢಮ್ಮೆಂದು ಒಂದು ಗುಂಡು. ಹಕ್ಕಿ ಬಿದ್ದ ವರ್ಷವನ್ನು ಊರವರು ನೆನಪಿಟ್ಟುಕೊಳ್ಳುತ್ತಿದ್ದರು.

ಅಷ್ಟರಲ್ಲಿ ಊರು ಬೆಳೆಯಿತು. ತೋಪಿನ ಮಗ್ಗುಲ ಸೂರ್ಯಕಾಂತಿ ಹೊಲದಲ್ಲಿ ಮನೆಗಳೆದ್ದವು, ಒಂದರಲ್ಲಿ ತುಲೂಸಿನಿಂದ ಬಂದ ಕ್ಲಾರಿಸ್ ಮೇಡಂ ಇಳಿದರು. ಒಂದು ಬೆಳಿಗ್ಗೆ ಒಡಿಲೋನನ ಗುಂಡಿನ ಚೂರುಗಳು ಅವರ ಕಾಫಿ ಮೇಜಿನ ಮೇಲೆ ಟಪಟಪನೆ ಉದುರಿದವು. ಅವರು ಬಟ್ಟಲು ಹಿಡಿದುಕೊಂಡೇ ಊರಿನ ಮೇಯರ್ ಬಳಿ ಓಡಿದರು. ಮೇಯರ್ ನಾಡೆಜ್ ಒಡಿಲೋನನ ಸ್ವಂತ ಅಕ್ಕನ ಮಗಳು.

ನಾಡೆಜ್ ಟೇಪು ಹಿಡಿದು ಅಳೆದಳು. "ಮಾವಾ, ಮನೆಯಿಂದ ನೂರೈವತ್ತು ಮೀಟರ್ ಒಳಗೆ ಗುಂಡು ಹಾರಿಸೋ ಹಾಗಿಲ್ಲ. ಬೇಟೆಗೆ ಅಂತ ಬಿಟ್ಟಿದ್ದ ಅಟ್ಟಣೆ ಇದು. ಬೇಟೆ ನಿಂತ ಮೇಲೆ ಕೆಡವಬೇಕಾಗುತ್ತೆ."

"ನಮ್ಮಪ್ಪ ಕಟ್ಟಿದ್ದನ್ನ ಕೆಡವ್ತೀಯಾ? ನಿನ್ನ ತೊಟ್ಟಿಲು ತೂಗಿದ ಕೈ ಕಣೇ ಇದು!"

"ಅಯ್ಯೋ ಮಾವಾ, ತೊಟ್ಟಿಲಿಗೂ ಇದಕ್ಕೂ ಏನು ಸಂಬಂಧ? ಪಂಚಾಯಿತಿ ಸಭೇಲಿ ಬಂದು ಹೇಳು."

ಒಡಿಲೋನನಿಗೆ ಎರಡು ರಾತ್ರಿ ನಿದ್ದೆ ಹತ್ತಲಿಲ್ಲ. ಸಭೆಗೆ ಮದುವೆಯ ಕೋಟು ಹಾಕಿಕೊಂಡು ಬಂದ.

"ಅದನ್ನ ಅಟ್ಟಣೆ ಅಂದೋನು ಯಾವನು? ಒಲೆ ಇದೆ, ಮಂಚ ಇದೆ, ನಲ್ಲೀಲಿ ನೀರು ಬರುತ್ತೆ. ಕಿಟಕಿಗೆ ಪರದೆ ಇದೆ ಸ್ವಾಮೀ, ಪರದೆ! ಅದು ಮನೆ. ಈ ಮೇಡಂ ಮನೆಗಿಂತ ಮುಂಚಿನ ಮನೆ!"

ಬೇಟೆಗಾರರು ಮೇಜು ಕುಟ್ಟಿದರು. ಸದಸ್ಯರೆಲ್ಲ ಕೈ ಎತ್ತಿ ಮನೆ ಎಂದೇ ಒಪ್ಪಿಬಿಟ್ಟರು.

"ಆಯ್ತು ಮಾವಾ, ಮನೆ. ಅದನ್ನ ಯಾರೂ ಮುಟ್ಟೋ ಹಾಗಿಲ್ಲ" ಎಂದಳು ನಾಡೆಜ್. ಒಡಿಲೋನ್ ಮೀಸೆ ತಿರುವಿದ. "ಮನೆ ಅಂದ ಮೇಲೆ ಅದರ ಸುತ್ತ ನೂರೈವತ್ತು ಮೀಟರ್ ಯಾರೂ ಗುಂಡು ಹಾರಿಸೋ ಹಾಗೂ ಇಲ್ಲ. ನೀನೂ ಅಷ್ಟೇ."

"ನಿನ್ನ ಬಾಯಿಗೆ ಮಣ್ಣು ಹಾಕ! ಪರದೆ ವಿಷಯ ಯಾಕೋ ಎತ್ತಿದೆ?" ಎಂದು ಗ್ರಾಸಿಯನ್ ತಲೆ ಚಚ್ಚಿಕೊಂಡ.

ಅಪ್ಪನ ಗೂಡು ಉಳಿಯಿತು, ಅಪ್ಪನ ಬೇಟೆ ಹೋಯಿತು. ಒಡಿಲೋನ್ ಆ ಸಂಜೆ ಮಂಚದ ಮೇಲೆ ಕೂತು ಗಟ್ಟಿಯಾಗಿಯೇ ಅತ್ತ.

ಮರುವರ್ಷ ಅಕ್ಟೋಬರಿನಲ್ಲಿ ಕೋವಿಯನ್ನು ಇವೆಟ್ಟಳ ಬೀರುವಿನಲ್ಲಿಟ್ಟು ಗ್ರಾಸಿಯನ್ನನ ಜೊತೆ ಬರಿಗೈಯಲ್ಲಿ ತೋಪಿಗೆ ಹೋದ. ಅಭ್ಯಾಸಬಲ, ದಾರ ಜಗ್ಗಿದ. ಹಿಂಡು ಸುತ್ತು ಹಾಕಿತು, ಇಳಿಯಿತು, ಕಿಟಕಿಯ ಕಟ್ಟೆಯ ಮೇಲೂ ಕೂತಿತು. ಒಂದು ಹಕ್ಕಿ ಪರದೆ ಕುಕ್ಕತೊಡಗಿತು. ಇಬ್ಬರು ಮುದುಕರೂ ಉಸಿರು ಬಿಗಿಹಿಡಿದರು. ಅದೇ ಗಳಿಗೆಗೆ ಕ್ಲಾರಿಸ್ ಮೇಡಂ ಹುಲ್ಲು ಕತ್ತರಿಸುವ ಯಂತ್ರವನ್ನು ಗುರ್ರೆನಿಸಿದರು. ಹಿಂಡು ಮಂಗಮಾಯ!

ಒಡಿಲೋನ್ ಏದುಸಿರು ಬಿಡುತ್ತ ಮೇಯರ್ ಕಚೇರಿಗೆ ನುಗ್ಗಿದ.

"ಕೋವೀನೇ ಇಲ್ಲ ಅಂದ ಮೇಲೆ ಹಕ್ಕಿ ಹಾರಿದರೆ ನಿನಗೇನು ನಷ್ಟ ಮಾವಾ?" ಎಂದು ನಾಡೆಜ್ ಕೇಳಿದಳು.

"ಕೂತಿದ್ವು ಕಣೇ!" ಮುದುಕನ ಕಣ್ಣು ತುಂಬಿತ್ತು. "ನಮ್ಮಪ್ಪನ ಕಾಲದಲ್ಲೂ ಅಷ್ಟು ಹತ್ತಿರ ಕೂತಿರಲಿಲ್ಲ. ನಾನೂ ಮನೆ ಇರೋನು. ಆ ಹುಲ್ಲಿನ ಯಂತ್ರಕ್ಕೂ ನೂರೈವತ್ತು ಮೀಟರ್ ಹಾಕು!"