ಬೇರೆ ನಂಬರಿನ ಚೀಲ

ನನ್ನ ಗಂಡ ಸಾಲ್ವದೋರ್ ಮೂವತ್ತೊಂದು ವರ್ಷ ಪ್ರವಾಸಿ ಹಡಗುಗಳಲ್ಲಿ ಬಟ್ಟೆ ಒಗೆದ. ಆಸೊಳ್ಣೆ ಊರಿನ ನಮ್ಮ ಕೇರಿಯಲ್ಲಿ ಮನೆಗೊಬ್ಬ ಹಡಗಿನವನು, ಹಾಗಾಗಿ ಅದನ್ನು ಯಾರೂ ದೊಡ್ಡದು ಮಾಡಿ ಹೇಳಿಕೊಳ್ಳುವುದಿಲ್ಲ. ರಜೆಗೆ ಬಂದಾಗ ಎಲ್ಲರೂ ಕೇಳುವುದು ಒಂದೇ, ಯಾವ ಯಾವ ದೇಶ ನೋಡಿದೆ ಅಂತ.

"ಅವರ ಟವೆಲ್ ನೋಡಿದೀನಿ," ಎನ್ನುತ್ತಿದ್ದ.

ಸುಳ್ಳಲ್ಲ. ಬಟ್ಟೆ ಒಗೆಯುವ ಜಾಗ ಹಡಗಿನ ತಳದಲ್ಲಿ, ನೀರಿನ ಮಟ್ಟಕ್ಕಿಂತ ಕೆಳಗೆ. ಕಿಟಕಿ ಇಲ್ಲ. ಮೂರು ಸಾವಿರ ಜನರ ಚಾದರ, ಅಡುಗೆಯವರ ಏಪ್ರನ್, ಈಜುಕೊಳದ ಒದ್ದೆ ಟವೆಲ್, ಎಲ್ಲ ಅಲ್ಲಿಗೇ ಇಳಿಯುತ್ತಿತ್ತು. ದೊಡ್ಡ ಇಸ್ತ್ರಿ ಯಂತ್ರದ ಬಾಯಿಗೆ ಚಾದರ ಕೊಡುವುದು ಅವನ ಕೆಲಸ. ಎರಡೂ ಮುಂಗೈ ಮೇಲೆ ಸುಟ್ಟ ಗೆರೆಗಳು, ಏಣಿಯ ಮೆಟ್ಟಿಲಿನ ಹಾಗೆ. ಯಂತ್ರದ ಸದ್ದಿಗೆ ಎಡಗಿವಿ ಹೋಗಿತ್ತು. ಮನೆಗೆ ಬಂದರೆ ಮೊದಲ ವಾರವೆಲ್ಲ ಮುಂಬಾಗಿಲ ಕಲ್ಲುಬೆಂಚಿನ ಮೇಲೆ ಕಾಲು ಚಾಚಿ ಕೂತಿರುತ್ತಿದ್ದ, ಮಾತಿಲ್ಲ ಕತೆಯಿಲ್ಲ. ಗಂಜಿಗೆ ಒಣಮೀನು ಸುಟ್ಟು ಕೊಟ್ಟರೆ ತಿಂದು, ಅಲ್ಲೇ ಕಣ್ಣು ಮುಚ್ಚುತ್ತಿದ್ದ. ಅವನು ಪೂರ್ತಿ ನಮ್ಮವನಾಗುವ ಹೊತ್ತಿಗೆ ಮತ್ತೆ ಹೊರಡುವ ಕಾಗದ ಬರುತ್ತಿತ್ತು. ಲವಿನಾ ಹುಟ್ಟಿದಾಗ, ಅವಳು ಮೊದಲ ಪರಮಪ್ರಸಾದ ತೆಗೆದುಕೊಂಡಾಗ, ಅವನ ತಾಯಿ ಸತ್ತಾಗ, ಎಲ್ಲದಕ್ಕೂ ಅವನು ಆ ಕೆಳಗೆ ಇದ್ದ.

ಲವಿನಾ ನಮ್ಮ ಒಬ್ಬಳೇ ಮಗಳು. ಅವಳ ಮದುವೆಗೆ ಮಾತ್ರ ಬಂದೇ ಬರುತ್ತೇನೆ ಎಂದಿದ್ದ. ಇಗರ್ಜಿಯಲ್ಲಿ ಗಂಡುಹೆಣ್ಣಿನ ಹೆಸರು ಕೂಗಿಸಿಯಾಗಿತ್ತು, ಹಾಲ್ ಹಿಡಿದಾಗಿತ್ತು. ಆಗ ಸುದ್ದಿ ಬಂತು: ಅವನ ಬದಲಿಗೆ ಬರಬೇಕಾದ ಆಳು ಬಂದಿಲ್ಲ, ಇನ್ನೂ ಎರಡು ತಿಂಗಳು ನಿಲ್ಲಬೇಕು. ಲವಿನಾ ನನ್ನ ಕೈಯಿಂದ ಫೋನ್ ಕಸಿದುಕೊಂಡಳು.

"ಪಾಯ್, ಮದುವೆಗೆ ನೀನು ಬರಲ್ಲ ಅಂದ್ರೆ ಬಿಡು. ರೋಸಿಗೆ ಇರ್ಬೇಕು. ಫೋನಲ್ಲಾದ್ರೂ ಸರಿ. ಮೊದಲ ಕೈ ನಿಂದೇ."

"ಫೋನೊಳಗಿಂದ ಹಾಲು ಹೆಂಗೆ ಹಚ್ಲಿ ಮಗಳೇ?"

"ಹೆಂಗಾದ್ರೂ ಹಚ್ಚು. ಇಷ್ಟು ವರ್ಷ ಊರವರ ಬಟ್ಟೆಗೆಲ್ಲ ಕೈ ಹಾಕಿದೀಯಲ್ಲ, ನನ್ನ ತಲೆಗೊಂದು ಸಲ ಹಾಕು."

"ಹಾಕ್ತೀನಿ," ಎಂದ.

ರೋಸ್ ಎಂದರೆ ಮದುವೆಯ ಹಿಂದಿನ ಸಂಜೆ. ಮಗಳನ್ನು ಮಣೆಯ ಮೇಲೆ ಕೂರಿಸಿ ತಲೆಗೆ ತೆಂಗಿನಹಾಲು ಹಚ್ಚುತ್ತೇವೆ. ಮೊದಲು ಅಪ್ಪ, ಆಮೇಲೆ ಅಮ್ಮ, ಆಮೇಲೆ ಊರೆಲ್ಲ. ಅದಾದ ಮೇಲೆ ಅವಳು ನಮ್ಮವಳಲ್ಲ.

ಇದರ ನಡುವೆ ಇನ್ನೊಂದು ತಾಪತ್ರಯ ಆಗಿತ್ತು. ಸಿಬ್ಬಂದಿಯ ಊಟದ ಕೋಣೆಯಲ್ಲಿ ಹಡಗಿನ ನೆಟ್ ಎಲ್ಲರಿಗೂ ಒಂದೇ. ನಿಮಿಷಕ್ಕಿಷ್ಟು ಎಂದು ಕಾರ್ಡು ಕೊಂಡು, ಇನ್ನೂರು ಜನ ಒಟ್ಟಿಗೆ ಕೂತು ಮನೆಗೆ ಮಾತಾಡುವುದು. ಬಂದರುಗಳಲ್ಲಾದರೆ ಪುಕ್ಕಟೆ ನೆಟ್ ಸಿಕ್ಕ ಕಡೆ ನುಗ್ಗುವುದು. ಹಾಗೆ ಎಲ್ಲೋ ಒಂದು ಕಡೆ ಸಾಲ್ವದೋರನ ಫೋನ್ ಖಾತೆಯ ಗುಟ್ಟಿನ ಅಕ್ಷರ, ಪಾಸ್‌ವರ್ಡ್, ಯಾರಿಗೋ ಸಿಕ್ಕಿಬಿಟ್ಟಿತು. ಅವನ ಹೆಸರಲ್ಲಿ, ಅವನ ಫೋಟೋ ಇಟ್ಟುಕೊಂಡೇ, 'ಆಸ್ಪತ್ರೆಯಲ್ಲಿದ್ದೇನೆ, ದುಡ್ಡು ಕಳಿಸಿ' ಎಂದು ನಮ್ಮ ನೆಂಟರಿಗೆಲ್ಲ ಬರೆದರು. ಪಕ್ಕದ ಮನೆಯ ಮಾನಾ ಪಿಯದಾದ್, ಎಂಬತ್ತರ ಮುದುಕಿ, ಮೇಣದಬತ್ತಿ ಹಿಡಿದುಕೊಂಡು ಅಳುತ್ತಾ ಬಂದಿದ್ದಳು.

ಅವನ ಜೊತೆ ಯಂತ್ರದ ಆ ಬದಿಗೆ ನಿಲ್ಲುತ್ತಿದ್ದ ಫಿಲಿಪೀನ್ಸಿನ ರೊಮೆಲ್ ಎಂಬವನು ಆಮೇಲೆ ಫೋನನ್ನು ಭದ್ರ ಮಾಡಿಕೊಟ್ಟ. ವಿಪಿಎನ್ ಎಂದು ಅದರ ಹೆಸರು. ಹಾಗಂದರೇನು ಎಂದು ನಾನು ಕೇಳಿದೆ.

"ನೋಡು ಕೊನ್ಸೂ, ಒಗೆಯೋಕೆ ಬಟ್ಟೆ ಕಳಿಸ್ತಾರಲ್ಲ, ಚೀಲದ ಮೇಲೆ ಕೋಣೆ ನಂಬರ್ ಇರತ್ತೆ. ಬಾಯಿ ಬಿಚ್ಚಿದ ಚೀಲ ಆದ್ರೆ ದಾರಿಲಿ ಯಾರ್ ಬೇಕಾದ್ರೂ ಇಣುಕಬಹುದು. ಇದು ಬಾಯಿಗೆ ಬಿಗಿಯಾಗಿ ಗಂಟು ಹಾಕಿ, ಮೇಲೆ ಬೇರೆ ಯಾರದೋ ನಂಬರ್ ಬರೀತದೆ. ಒಳಗಿರೋದು ಯಾರ ಚಡ್ಡಿ ಅಂತ ಯಾರಿಗೂ ತಿಳಿಯಲ್ಲ."

"ನಿನ್ನ ಚಡ್ಡಿ ಯಾರಿಗೆ ಬೇಕು?"

"ಬೇಕಿತ್ತಲ್ಲ ಯಾರಿಗೋ!" ಎಂದು ನಕ್ಕ.

ಇನ್ನೊಂದು ಕಾವಲೂ ರೊಮೆಲ್ ಇಟ್ಟಿದ್ದ. ಹೊಸ ಫೋನಿನಿಂದಾಗಲಿ ಗೊತ್ತಿಲ್ಲದ ಜಾಗದಿಂದಾಗಲಿ ಸಾಲ್ವದೋರನ ಖಾತೆಯನ್ನು ಯಾರಾದರೂ ತೆರೆಯಲು ಹೋದರೆ, ನನ್ನ ಫೋನಿಗೆ ಪ್ರಶ್ನೆ ಬರುತ್ತದೆ: ಇಂಥ ಊರಿಂದ ತೆರೆಯುತ್ತಿದ್ದಾರೆ, ಇದು ನೀವೇನಾ? ನಾನು ಹೌದು ಒತ್ತಬೇಕು, ಇಲ್ಲವೇ ಅಲ್ಲ ಒತ್ತಬೇಕು.

"ರೋಸಿನ ದಿನ ನಾವು ಬಾರ್ಬಡೋಸ್ ಹತ್ರ ಇರ್ತೀವಿ. ಆ ಹೆಸರು ಬಂದ್ರೆ ಹೌದು ಅನ್ನು. ಬೇರೆ ಏನ್ ಬಂದ್ರೂ ಅದು ಕಳ್ಳ. ಯೋಚನೆನೂ ಮಾಡ್ಬೇಡ, ಅಲ್ಲ ಅಂತ ಒತ್ತು," ಎಂದು ಮೂರು ಸಲ ಹೇಳಿದ. ಇಂಗ್ಲಿಷಿನಲ್ಲಿ ಆ ಊರಿನ ಅಕ್ಷರಗಳನ್ನು ಒಂದೊಂದಾಗಿ ಹೇಳಿ ಬರೆಸಿದ. ನಾನು ನಾಲ್ಕನೇ ಇಯತ್ತೆ ಓದಿದವಳು. ಆ ಚೀಟಿಯನ್ನು ದೇವರ ಪೀಠದ ಹತ್ತಿರ, ಸಾಯ್ಬಿಣಿ ಮಾತೆಯ ಮೂರ್ತಿಯ ಕಾಲ ಬಳಿ ಇಟ್ಟೆ.

ರೋಸಿನ ಸಂಜೆ ಆರು ಗಂಟೆ. ಅವನಿಗೆ ಬೆಳಗ್ಗೆ ಎಂಟೂವರೆ. ಹದಿನಾರು ತೆಂಗಿನಕಾಯಿ ತುರಿದು ಹಾಲು ಹಿಂಡಿದ್ದೆವು. ಅಪ್ಪನ ಕುರ್ಚಿಯ ಮೇಲೆ ದಿಂಬು ಇಟ್ಟು, ಅದಕ್ಕೆ ಫೋನ್ ಒರಗಿಸಿದ್ದೆ. ಲವಿನಾ ಹಳೇ ಫ್ರಾಕು ಹಾಕಿಕೊಂಡು ಮಣೆಯ ಮೇಲೆ ಕೂತು ಫೋನನ್ನೇ ನೋಡುತ್ತಿದ್ದಳು.

ಫೋನ್ ಟಿಂಗ್ ಎಂದಿತು. ಕರೆಯಲ್ಲ, ಪ್ರಶ್ನೆ. ಎತ್ತಿಕೊಂಡು ಪೀಠದ ಬಳಿಗೆ ಹೋಗಿ ಚೀಟಿಯ ಜೊತೆ ಹೋಲಿಸಿದೆ. ಬಾರ್ಬಡೋಸ್ ಅಲ್ಲ. ನೆದರ್ಲ್ಯಾಂಡ್ಸ್ ಎಂದಿತ್ತು. ಕಳ್ಳ ಮತ್ತೆ ಬಂದ, ಅದೂ ಇವತ್ತೇ, ನನ್ನ ಮಗಳ ರೋಸಿನ ಹೊತ್ತಿಗೆ! ಅಲ್ಲ ಎಂದು ಒತ್ತಿದೆ. ಎರಡು ನಿಮಿಷಕ್ಕೆ ಮತ್ತೆ ಬಂತು. ಮತ್ತೆ ಅಲ್ಲ.

"ಏನೇ ಕೊನ್ಸೂ, ಫೋನ್ ಹಿಡ್ಕೊಂಡು ಕುಣೀತಿದೀಯ? ಮದುವೆ ನಿಂದಾ, ಮಗಳದಾ?" ಎಂದಳು ಮಾನಾ ಪಿಯದಾದ್. ಹಾಡು ಹೇಳಬೇಕಾದವಳು ಅವಳೇ, ಗಂಟಲು ಸರಿಮಾಡಿಕೊಂಡು ಕಾದು ಕೂತಿದ್ದಳು.

"ಸ್ವಲ್ಪ ತಡಿ ಮಾನಾ, ಸಾಲ್ವದೋರ್ ಬರ್ತಾನೆ."

"ಮೂವತ್ತು ವರ್ಷದಿಂದ ಬರ್ತಾನೇ ಇದಾನೆ. ಹಾಲು ಒಡೆದೋಗತ್ತೆ, ಶುರು ಮಾಡು."

ಮೂರನೇ ಸಲವೂ ಬಂತು. ಒದ್ದೆ ಬೆರಳಿನಲ್ಲಿ, ಸಿಟ್ಟಿನಿಂದ ಒತ್ತಿದೆ. ಆಮೇಲೆ ಫೋನ್ ಸುಮ್ಮನಾಯಿತು. ಕಳ್ಳನನ್ನು ಓಡಿಸಿದೆ ಎಂದು ನನಗೊಂದು ಸಮಾಧಾನವೂ ಆಯಿತು ನೋಡಿ. ಅರ್ಧ ಗಂಟೆ ಕಾದೆವು. ಕೊನೆಗೆ ಮೊದಲ ಕೈ ನಾನೇ ಹಾಕಿದೆ. ಲವಿನಾ ತಲೆ ಎತ್ತಲಿಲ್ಲ. ಕೆನ್ನೆ ಮೇಲೆ ಇಳಿದದ್ದು ಹಾಲೋ ಕಣ್ಣೀರೋ, ನಾನು ಕೇಳಲಿಲ್ಲ.

ಮೂರನೇ ದಿನ, ಹಡಗಿನ ಕಚೇರಿಯ ಕಡತದಿಂದ ನನ್ನ ನಂಬರ್ ತೆಗೆಸಿಕೊಂಡು, ಯಾವುದೋ ಬಂದರಿನ ನಾವಿಕರ ಮನೆಯಿಂದ ಅವನು ಮಾತಾಡಿದ. ಮಗಳ ಮುಖ ಚೆನ್ನಾಗಿ ಕಾಣಲಿ ಎಂದು ಆ ವಾರವೇ ಹಳೇ ಫೋನ್ ಕೊಟ್ಟು ಹೊಸದು ಕೊಂಡಿದ್ದನಂತೆ. ರೊಮೆಲ್ ಅವನ ಜಾಗದಲ್ಲೂ ತಾನೇ ನಿಂತು ಅರ್ಧ ಗಂಟೆ ಬಿಡಿಸಿ ಕಳಿಸಿದ್ದನಂತೆ.

"ಅದ್ರಲ್ಲಿ ಮೊದಲ ಸಲ ಖಾತೆ ತೆಗೆಯೋಕೆ ಹೋದ್ರೆ ಯಾರೋ ಅಲ್ಲ ಅಲ್ಲ ಅಂತ ಒತ್ತಿದ್ರು. ಇಡೀ ದಿನ ಬಾಗಿಲು ಹಾಕ್ಬಿಡ್ತು. ಬೇರೆ ಫೋನಿಂದ ಮಾಡೋಣ ಅಂದ್ರೆ ನಂಬರ್ ಒಂದೂ ಬಾಯಿಗೆ ಬರಲ್ಲ."

"ಅದು ನೆದರ್ಲ್ಯಾಂಡ್ಸ್ ಅಂತಿತ್ತು," ಎಂದೆ.

ಚೀಲದ ಮೇಲೆ ವಿಪಿಎನ್ ಬರೆದ ಬೇರೆ ನಂಬರು ಅದೇ ಎಂದು ಇಬ್ಬರಿಗೂ ಆಗ ಹೊಳೆಯಿತು. ಬೇರೆ ನಂಬರಿನ ಚೀಲ ಎಂದು ಹೇಳಿದವನು ಅವನೇ, ಕೇಳಿದವಳು ನಾನೇ.

"ನಾ ಹೇಳಿದ್ದನ್ನೇ ಮಾಡ್ದೆ ನೀನು. ತಪ್ಪಿಲ್ಲ," ಎಂದ. "ಲವಿನಾಗೆ ಹೇಳ್ಬೇಡ. ನನಗೆ ಕೆಲಸ ಬಿಡ್ಲಿಲ್ಲ ಅಂತ ಹೇಳು."

"ಅವಳು ನಿನ್ನ ಮೇಲೆ ಮುನಿಸ್ಕೋತಾಳೆ."

"ನಾನು ದೂರ ಇರೋನು, ನನ್ನ ಮೇಲೆ ಮುನಿಸ್ಕೊಂಡ್ರೆ ನಡೀತದೆ. ನೀನು ದಿನಾ ಮುಖ ನೋಡ್ಬೇಕಲ್ಲ."

ನಾನು ಒಪ್ಪಿಕೊಂಡೆ. ಅವನಿಗಾಗಿ ಒಪ್ಪಿಕೊಂಡೆ ಎಂದು ಎಷ್ಟೋ ಸಲ ನನಗೇ ಹೇಳಿಕೊಂಡಿದ್ದೇನೆ.

ಮಾರ್ಚಿನಲ್ಲಿ ಅವನು ಬಂದ. ಲವಿನಾ ಗಂಡನ ಮನೆಯಿಂದ ಬಂದು ಬಾಗಿಲಲ್ಲೇ ನಿಂತು, "ಏನ್ ಪಾಯ್, ಕೊನೆಗೂ ಕೆಲಸ ಬಿಡ್ತಾ ನಿನ್ನನ್ನ?" ಎಂದಳು. ಅವನು ನಕ್ಕು ಅವಳಿಗೆ ತಂದ ಟವೆಲ್ಲುಗಳನ್ನು ತೆಗೆದುಕೊಟ್ಟ. ಅವಳು ಹೋದ ಮೇಲೆ, ಇನ್ನೊಂದು ಸಲ ಹಾಲು ಹಿಂಡುತ್ತೇನೆ, ಕರೆದು ತಲೆಗೆ ಹಚ್ಚು ಎಂದೆ.

"ಮದುವೆ ಆದ್ಮೇಲೆ ಹಚ್ಚಿದ್ರೆ ಅದು ರೋಸಲ್ಲ, ತಲೆಸ್ನಾನ," ಎಂದ. ಬೆಂಚಿನ ಮೇಲೆ ಕಾಲು ಚಾಚಿದ. ಸ್ವಲ್ಪ ಹೊತ್ತಿನ ಮೇಲೆ ಅವನೇ ಹೇಳಿದ, ಆವತ್ತು ಅಡುಗೆಮನೆಯಿಂದ ಒಂದು ಬಟ್ಟಲು ತೆಂಗಿನಹಾಲು ಕೇಳಿ ತಂದಿದ್ದನಂತೆ. ಬೆರಳು ಅದ್ದಿ ಫೋನಿನ ಗಾಜಿಗೆ, ಅವಳ ಹಣೆ ಕಾಣುವಲ್ಲಿ ಹಚ್ಚೋಣ ಎಂದು.

ಮತ್ತೆ ಒಂದು ಸಲ ಹೋಗಿ ಬಂದ, ಅದೇ ಕೊನೆ. ಹಡಗಿನ ನೆಟ್ ಅವನನ್ನು ಖಾತೆಯಿಂದ ಹೊರದಬ್ಬಿದಾಗಲೆಲ್ಲ ನನ್ನ ಫೋನ್ ಕೇಳುತ್ತಿತ್ತು, ನಾನು ನೆದರ್ಲ್ಯಾಂಡ್ಸ್ ನೋಡಿ ಹೌದು ಒತ್ತುತ್ತಿದ್ದೆ. ಅವನು ಕಾಲಿಡದ ಒಂದು ದೇಶದ ಹೆಸರು ನಮ್ಮ ಮನೆಯ ಮಾತಾಗಿಹೋಯಿತು. ಬಂದ ಎರಡನೇ ವರ್ಷ ಎದೆನೋವಿನಲ್ಲಿ ಹೋದ. ಲವಿನಾ ಅತ್ತಳು, ಆದರೆ ಶವದ ಪಕ್ಕದಲ್ಲೂ, "ರೋಸಿಗೆ ಹತ್ತು ನಿಮಿಷ ಸಿಗ್ಲಿಲ್ಲ ನಿಂಗೆ," ಎಂದಳು. ನಾನು ಆಗಲೂ ಬಾಯಿ ಬಿಡಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡೇ ತಿಂಗಳುಗಳು ಸರಿದವು.

ಅವನ ವರ್ಷದ ಪೂಜೆಗೆ ನಾಲ್ಕು ದಿನ ಇರುವಾಗ, ಬೆಳಗ್ಗೆ ನಾನು ಮೀನು ತೊಳೆಯುತ್ತಿದ್ದೆ. ಫೋನ್ ಟಿಂಗ್ ಎಂದಿತು. ನೆದರ್ಲ್ಯಾಂಡ್ಸಿನಿಂದ ಸಾಲ್ವದೋರನ ಖಾತೆ ತೆರೆಯುತ್ತಿದ್ದಾರೆ, ಇದು ನೀವೇನಾ? ಕೈಯಲ್ಲಿ ಮೀನಿನ ಪೊರೆ. ಈ ಸಲ ಯಾವುದನ್ನೂ ಒತ್ತಲಿಲ್ಲ. ಕೈ ಒರೆಸಿಕೊಂಡು ಮೊದಲು ಲವಿನಾಗೆ ಫೋನ್ ಮಾಡಿದೆ.

"ನೀನೇನಾ?"

"ಹೂಂ ಮಾಯ್, ಪೂಜೆ ಚೀಟಿಗೆ ಪಾಯ್ ಫೋಟೋ ಬೇಕಲ್ಲ. ನಾನು ತಂದಿಟ್ಕೊಂಡಿದ್ದ ಅವನ ಫೋನಲ್ಲೇ ಖಾತೆ ತೆಗೀತಿದೀನಿ."

ಹೌದು ಎಂದು ಒತ್ತಿದೆ. ಆ ಕಡೆ ಅವಳು ಒಂದೊಂದೇ ಫೋಟೋ ನೋಡುತ್ತಾ ಹೋದಳು.

"ಇದೇನ್ ಮಾಯ್? ಬರೀ ಮೇಜು. ಒಂದು ಬಟ್ಟಲಲ್ಲಿ ಬೆಳ್ಳಗೆ ಏನೋ ಇದೆ. ತಾರೀಖು... ಇದು ನನ್ನ ರೋಸಿನ ದಿನ."

ನಾನು ಅಡುಗೆಮನೆಯ ನೆಲದ ಮೇಲೆಯೇ ಕೂತು ಎಲ್ಲ ಹೇಳಿದೆ. ಚೀಟಿ, ಚೀಲ, ಮೂರು ಸಲ ನಾನು ಒತ್ತಿದ್ದು, ಅವನು ಹೇಳಬೇಡ ಎಂದದ್ದು, ನನಗೂ ಅದೇ ಅನುಕೂಲವಾದದ್ದು. ಅವಳು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಆ ಹಾಲನ್ನ ಏನ್ ಮಾಡ್ದ?" ಎಂದಳು ಕೊನೆಗೆ.

"ಕುಡಿದನಂತೆ. ಡಬ್ಬಿ ಹಾಲು, ಸುಣ್ಣದ ನೀರಿನ ಹಾಗಿತ್ತಂತೆ. ಚೆಲ್ಲೋಕೆ ಮನಸ್ಸಾಗ್ಲಿಲ್ಲವಂತೆ."

ಆ ಕಡೆಯಿಂದ ಒಂದು ಸದ್ದು ಬಂತು. ನಕ್ಕಳೋ ಅತ್ತಳೋ ನನಗೆ ತಿಳಿಯಲಿಲ್ಲ. "ಇಡ್ತೀನಿ ಮಾಯ್," ಎಂದಳು, ಆದರೆ ಇಬ್ಬರೂ ತುಂಬಾ ಹೊತ್ತು ಫೋನ್ ಇಡಲಿಲ್ಲ.