ಎಲ್ಲರಿಗಿಂತ ಮೊದಲು ಆರ್‌ಐಪಿ ಹಾಕಿದಾತ

ಹೋದ ವಾರ ಮದ್ದೂರಿನ ನಮ್ಮ ಶಾಲೆಯಲ್ಲಿ ಗಣಿತದ ಕಿರುಪರೀಕ್ಷೆಯ ಪೇಪರುಗಳನ್ನು ಹಂಚಿದೆ. ಕಡಿಮೆ ಅಂಕ ಬಂದ ಹುಡುಗಿಯೊಬ್ಬಳು ಅಂಕದ ಪಕ್ಕದಲ್ಲೇ ಗೋರಿಯ ಚಿತ್ರ ಬರೆದು, ಅದರ ಮೇಲೆ ‘ಆರ್‌ಐಪಿ’ ಎಂದು ಇಂಗ್ಲಿಷಿನಲ್ಲಿ ಗೀಚಿ ಗೆಳತಿಗೆ ತೋರಿಸುತ್ತಿದ್ದಳು. ಇಬ್ಬರೂ ಕಿಸಕಿಸ ನಗುತ್ತಿದ್ದರು. ಈ ಮಕ್ಕಳಿಗೆ ಅದು ಬರೀ ತಮಾಷೆಯ ಮಾತು. ಮೊಬೈಲಿನ ಚಾರ್ಜು ಮುಗಿದರೆ ಆರ್‌ಐಪಿ, ಬಸ್ಸು ತಪ್ಪಿದರೆ ಆರ್‌ಐಪಿ, ಮಾರ್ಕ್ಸು ಮನೆಯಲ್ಲಿ ಗೊತ್ತಾದರೆ ಆರ್‌ಐಪಿ. ಸತ್ತವರಿಗೆ ಶಾಂತಿ ಕೋರುವ ಮಾತು ಸವೆದು ಸವೆದು ಇಲ್ಲಿಗೆ ಬಂದಿದೆ. ಬೈಯಬೇಕೆಂದು ಬಾಯಿ ತೆರೆದವಳು ಮುಂದಿನ ಬೆಂಚಿಗೆ ಹೋದೆ. ಆ ಹುಡುಗಿಯ ಮೇಲೆ ನನಗೇನೂ ಸಿಟ್ಟಿರಲಿಲ್ಲ. ಸಿಟ್ಟಿದ್ದದ್ದು ಮಂಡ್ಯದ ನಮ್ಮ ಬೀದಿಯ ಮೂಲೆಮನೆಯವನ ಮೇಲೆ...

ಬದುಕಿದ್ದಾಗ ವಯಸ್ಸಿಗೆ ಬೆಲೆ ಕೊಟ್ಟು ‘ಅವರು’ ಅನ್ನುತ್ತಿದ್ದೆ. ಈಗ ‘ಅವನು’ ಸಾಕು. ಯಾವುದೋ ಕಚೇರಿಯಲ್ಲಿ ಗುಮಾಸ್ತನಾಗಿ ನಿವೃತ್ತನಾಗಿದ್ದ. ಕೆಲಸ ಹೋದ ಮೇಲೆ ಅವನಿಗೆ ಸಿಕ್ಕ ಹೊಸ ಹುದ್ದೆಯೆಂದರೆ ಬೀದಿಯ ವಾಟ್ಸಾಪ್ ಗ್ರೂಪು. ಯಾರು ಸತ್ತರೂ ಅಲ್ಲಿ ಮೊದಲು ಬರುತ್ತಿದ್ದದ್ದು ಅವನ ಆರ್‌ಐಪಿ. ಅದರ ಹಿಂದೆ ಒಂದು ಸಾಲು ಕೈಮುಗಿಯುವ ಚಿತ್ರ. ಒಮ್ಮೆ ಎದುರುಸಾಲಿನ ಮೇಷ್ಟರು ಅವನಿಗಿಂತ ಮುಂಚೆ ಹಾಕಿಬಿಟ್ಟರು ಅಂತ ಮುಖ ಊದಿಸಿಕೊಂಡು ಓಡಾಡಿದ್ದ. ಸಾವೂ ಅವನಿಗೆ ಓಟದ ಸ್ಪರ್ಧೆ.

ಅವನೂ ಅಪ್ಪನೂ ಒಂದೇ ವಯಸ್ಸಿನವರು, ಏಕವಚನದ ಸಲಿಗೆ. ಅಪ್ಪ ಒಂದು ಸಂಜೆ ಗೇಟಿನ ಬಳಿ ಕೇಳಿದ್ದು ನನಗೆ ನೆನಪಿದೆ.

“ಅದೇನ್ಲಾ ಅದು, ಯಾರ್ ಸತ್ರೂ ಮೂರಕ್ಷರ ಆಕ್ತೀಯಲ್ಲ?”

“ನೆಮ್ಮದಿಯಾಗಿ ಮನೀಕೊ ಅಂತ ಕಣ್ಲಾ. ಇಂಗ್ಲೀಸ್ನಲ್ಲಿ ಅಂಗೇ ಏಳದು.”

“ಬದ್ಕಿರೋರ್ನ ನೆಮ್ಮದಿಯಾಗಿ ಬುಟ್ರೆ ಸಾಕು, ಓಗ್ಲಾ” ಎಂದು ಅಪ್ಪ ನಕ್ಕಿದ್ದರು. ಅವನೂ ನಕ್ಕಿದ್ದ.

ಅದಾದ ಮುಂದಿನ ವರ್ಷ ಅಪ್ಪನ ಮೂತ್ರಪಿಂಡಗಳು ಕೈಕೊಟ್ಟವು. ಮಂಡ್ಯದ ಒಂದು ಆಸ್ಪತ್ರೆಯ ಐಸಿಯುನಲ್ಲಿ ಮಲಗಿಸಿದ್ದೆವು. ಒಳಗೆ ಬಿಡುತ್ತಿದ್ದದ್ದು ಸಂಜೆ ಸ್ವಲ್ಪ ಹೊತ್ತು ಮಾತ್ರ, ಹಾಗಾಗಿ ಹಗಲಲ್ಲಿ ಅಮ್ಮ ಮನೆಯಲ್ಲೇ ಇರುತ್ತಿದ್ದಳು, ನಾನು ಶಾಲೆಗೆ ಬಂದು ಹೋಗುತ್ತಿದ್ದೆ. ಅವತ್ತು ಅರ್ಧ ದಿನ ರಜೆ ಹಾಕಿ ರೈಲು ಹತ್ತಿದೆ. ಇನ್ನೊಂದು ಗಾಡಿಗೆ ದಾರಿ ಬಿಡಲು ನಮ್ಮ ರೈಲು ಹನಕೆರೆಯಲ್ಲಿ ನಿಂತಿತು. ಮೊಬೈಲ್ ತೆಗೆದು ನೋಡಿದರೆ ಗ್ರೂಪಿನಲ್ಲಿ ಅಪ್ಪನ ಫೋಟೋ, ಕೆಳಗೆ ಆರ್‌ಐಪಿ. ಹಾಕಿದವನು ಮೂಲೆಮನೆಯವನು. ಅದರ ಕೆಳಗೆ ಬೀದಿಗೆ ಬೀದಿಯೇ ಸಾಲುಗಟ್ಟಿ ಓಂ ಶಾಂತಿ ಹಾಕಿತ್ತು.

ಆಸ್ಪತ್ರೆಗೆ ಫೋನ್ ಮಾಡಿದೆ. ನರ್ಸಮ್ಮ ಹೋಗಿ ನೋಡಿಕೊಂಡು ಬಂದು, “ನಿಮ್ಮ ತಂದೆಯವ್ರು ಇದಾರಲ್ಲಮ್ಮ. ತೀರ್ಕೊಂಡೋರು ಪಕ್ಕದ ಬೆಡ್ಡಿನವ್ರು” ಎಂದರು. ನಡೆದದ್ದು ಇಷ್ಟೇ. ಮೂಲೆಮನೆಯವನು ನೋಡಲು ಹೋಗಿದ್ದಾನೆ, ಬಾಗಿಲಿನಿಂದ ಬಿಳಿ ಬಟ್ಟೆ ಹೊದಿಸಿದ ಹೆಣ ಹೊರಗೆ ಬಂದಿದೆ. ಯಾರದು ಎಂದು ಒಂದು ಮಾತು ಕೇಳಲು ಅವನಿಗೆ ಪುರುಸೊತ್ತಿರಲಿಲ್ಲ. ಕೇಳುತ್ತಾ ನಿಂತರೆ ಮೇಷ್ಟರು ಮುಂದೆ ಹೋಗಿಬಿಟ್ಟರೆ?

ಅಮ್ಮನಿಗೆ ಎಷ್ಟು ಸಲ ಫೋನ್ ಮಾಡಿದರೂ ಎತ್ತಲಿಲ್ಲ. ಮನೆಗೆ ಓಡಿ ಬಂದಾಗ ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು, ಶಾಮಿಯಾನದ ಕಂಬ ಇಳಿಸುತ್ತಿದ್ದರು. ಬೀದಿಯ ಹೆಂಗಸರು ಗೋಳಾಡುತ್ತಾ ಒಳಗೆ ನುಗ್ಗಿದಾಗ ಅಮ್ಮ ಸೆರಗಿನಿಂದ ತನ್ನ ಹಣೆಯ ಕುಂಕುಮವನ್ನು ತಾನೇ ಒರೆಸಿಕೊಂಡುಬಿಟ್ಟಿದ್ದಳು. ಹಣೆ ಕೆಂಪಗೆ ಕೆರೆದುಹೋಗಿತ್ತು.

“ಅಪ್ಪ ಬದ್ಕವ್ರೆ ಕಣಮ್ಮ!” ಎಂದು ಕೂಗಿದೆ. ಹೆಂಗಸರ ಅಳು ನಿಂತಿತು. ಅಮ್ಮ ಮಾತ್ರ ನಗಲಿಲ್ಲ, ಅಳಲೂ ಇಲ್ಲ, ಬೆರಳಿನಿಂದ ಹಣೆ ಮುಟ್ಟಿ ನೋಡಿಕೊಂಡಳು. ಅಷ್ಟರಲ್ಲಿ ಮಳವಳ್ಳಿಯಿಂದ ಸೋದರಮಾವ ದೊಡ್ಡ ಸುಗಂಧರಾಜದ ಹಾರ ಹಿಡಿದು ಇಳಿದ. ವಿಷಯ ತಿಳಿದು, “ಈಗ ಈ ಆರ ಏನ್ ಮಾಡದವ್ವ?” ಎಂದು ಪೆದ್ದುಪೆದ್ದಾಗಿ ಕೇಳುತ್ತಾ ನಿಂತ. ಯಾರೂ ಅದನ್ನು ಮುಟ್ಟಲಿಲ್ಲ.

ನಾನು ನೆಟ್ಟಗೆ ಮೂಲೆಮನೆಗೆ ಹೋದೆ. ಅವನು ಕಾಫಿ ಕುಡಿಯುತ್ತಿದ್ದ.

“ಬುಡವ್ವ, ಅದ್ಕ್ಯಾಕೆ ಇಂಗಾಡೀಯೆ? ಡಿಲೀಟ್ ಮಾಡಿವ್ನಿ. ಈಗ ಯಾರ್ಗೂ ಕಾಣಾಕಿಲ್ಲ.”

ಅಮ್ಮನ ಹಣೆಯಲ್ಲಿ ಕಾಣುತ್ತಿದೆಯಲ್ಲ, ಅದನ್ನು ಹೇಗೆ ಡಿಲೀಟ್ ಮಾಡುತ್ತೀರಿ ಎಂದೆ. ಇನ್ನೂ ಏನೇನೋ ಅಂದೆ, ಬೀದಿಯವರೆಲ್ಲ ಕೇಳುವ ಹಾಗೆ ಅಂದೆ. ಅವನು ಲೋಟ ಕೆಳಗಿಡಲಿಲ್ಲ.

ಅವತ್ತು ಸಂಜೆ ಅಮ್ಮ ಎಂದಿಗಿಂತ ದೊಡ್ಡ ಕುಂಕುಮ ಇಟ್ಟುಕೊಂಡು ಆಸ್ಪತ್ರೆಗೆ ಬಂದಳು. ಅಪ್ಪನ ಕಾಲ ಬಳಿ ನಿಂತಳೇ ಹೊರತು ಮುಖದ ಹತ್ತಿರ ಹೋಗಲಿಲ್ಲ. ಆ ವಾರವೇ ಅಪ್ಪ ತೀರಿಕೊಂಡರು. ಹೆಣ ಮನೆಗೆ ಬರುವ ಮುಂಚೆಯೇ ಗ್ರೂಪಿನಲ್ಲಿ ಮತ್ತೆ ಅವನದೇ ಆರ್‌ಐಪಿ, ಪಕ್ಕದಲ್ಲಿ ‘ಈ ಸಲ ಕನ್ಫರ್ಮ್’ ಎಂದು ಬೇರೆ ಬರೆದಿದ್ದ. ಇಂಥವನನ್ನು ಏನೆನ್ನಬೇಕು?

ಅಪ್ಪ ಹೋದದ್ದು ಕಾಯಿಲೆಯಿಂದಲೇ ಎಂದು ಡಾಕ್ಟರು ಅಮ್ಮನಿಗೆ ಬಿಡಿಸಿ ಬಿಡಿಸಿ ಹೇಳಿದರು. ನಾನೂ ಹೇಳಿದೆ. ಅಮ್ಮ ತಲೆಯಾಡಿಸಿ ಕೇಳಿಸಿಕೊಂಡು ಕೊನೆಗೆ, “ನಿಮ್ಮಪ್ಪ ಉಸ್ರಾಡ್ತಿರ್ವಾಗ್ಲೇ ಕುಂಕ್ಮ ಅಳ್ಸ್‌ಬುಟ್ನಲ್ಲೇ... ನಾನೇ ಕಳಿಸ್ಕೊಟ್ಟಂಗಾಯ್ತು” ಅನ್ನುತ್ತಿದ್ದಳು.

ಹೋದ ವರ್ಷ ಮೂಲೆಮನೆಯವನೂ ಹೋದ. ಮೈಸೂರಿಗೆಂದು ಹೊರಟವನು ಬಸ್ ನಿಲ್ದಾಣದಲ್ಲೇ ಕುಸಿದನಂತೆ, ಆಸ್ಪತ್ರೆಗೆ ಒಯ್ದರಂತೆ. ಗ್ರೂಪಿನಲ್ಲಿ ಮೇಷ್ಟರು ಆರ್‌ಐಪಿ ಹಾಕಿದರು. ಸರಿಯಾಯಿತು ಅಂದುಕೊಂಡೆ. ಅದನ್ನು ಮುಚ್ಚಿಡುವುದಿಲ್ಲ. ಅಮ್ಮನಿಗೆ ಓದಿ ಹೇಳಿದ್ದೇ ತಡ, ಅವಳು ಚಪ್ಪಲಿಯನ್ನೂ ಮೆಟ್ಟದೆ ಮೂಲೆಮನೆಗೆ ಓಡಿದಳು. ಹಿಂದೆಯೇ ನಾನೂ ಹೋದೆ. ಅವನ ಹೆಂಡತಿಯ ಸುತ್ತ ಆಗಲೇ ಹೆಂಗಸರು ಸೇರಿದ್ದರು. ಆಕೆ ಅಳುತ್ತಾ ಹಣೆಗೆ ಕೈ ಎತ್ತಿದ್ದೇ ಅಮ್ಮ ಆ ಕೈ ಹಿಡಿದುಕೊಂಡಳು.

“ತಡಿ ಕಣಕ್ಕ. ಪೋನಿನ ಮಾತು ನಂಬಬ್ಯಾಡ. ಓಗಿ ಕಣ್ಣಾರೆ ನೋಡ್ಕಂಡು ಬಾ. ಅಲ್ಲೀಗಂಟ ಕೈ ಅಣೆಗೆ ಓಗ್ಬಾರ್ದು.”

ಆಟೋ ತರಿಸಿ ಆಕೆಯನ್ನು ಕಳಿಸಿದಳು. ಆಕೆ ವಾಪಸ್ಸು ಬರುವ ತನಕ ಅವರ ಮನೆಯ ಮೆಟ್ಟಿಲ ಮೇಲೆ ಕೂತಿದ್ದಳು. ಸುದ್ದಿ ನಿಜವೇ ಆಗಿತ್ತು.

ಈಗ ಮೂಲೆಮನೆಗೆ ಬಾಡಿಗೆಯವರು ಬಂದಿದ್ದಾರೆ. ಗ್ರೂಪಿನಲ್ಲಿ ಮೇಷ್ಟರಿಗೆ ಎದುರಾಳಿಯೇ ಇಲ್ಲ. ಅಪ್ಪನಿಲ್ಲದ ಮನೆಯಲ್ಲಿ ನಾನು, ಅಮ್ಮ ಇಬ್ಬರೇ. ಸತ್ತವನ ಮೇಲೆ ಇನ್ನೂ ಯಾಕೆ ಹಗೆ ಸಾಧಿಸುತ್ತೀಯ, ಬಿಟ್ಟುಬಿಡು ಎಂದು ಬೀದಿಯವರು ನನಗೆ ಬುದ್ಧಿ ಹೇಳುತ್ತಾರೆ. ಅಮ್ಮ ಅವನನ್ನು ಇದುವರೆಗೂ ಒಂದು ಮಾತೂ ಬೈದಿಲ್ಲ. ದಿನಾ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ತನ್ನನ್ನೇ ಬೈದುಕೊಳ್ಳುತ್ತಾಳೆ. ಅವಳು ಅದನ್ನು ನಿಲ್ಲಿಸಲಿ, ನಾನೂ ನಿಲ್ಲಿಸುತ್ತೇನೆ.