ಮಾಳಿಗೆಗೆ ಕಟ್ಟದ ದೃಷ್ಟಿಬೊಂಬೆ

“ಇದಕ್ಕೆ ಬೊಂಬೆ ಎಲ್ಲವ್ವ?” ನಮ್ಮತ್ತೆ ನನ್ನ ಚಿತ್ರದ ಮುಂದೆ ನಿಂತು ಕೇಳಿದಾಗ, ಪಕ್ಕದಲ್ಲಿ ವಾದಿಸುತ್ತಿದ್ದ ಮೇಷ್ಟ್ರುಗಳಿಬ್ಬರೂ ತಿರುಗಿ ನೋಡಿದರು.

ಐವತ್ತರ ದಶಕದ ಮಾತು. ಕೃಷ್ಣರಾಜನಗರದ ಶಾಲೆಯೊಂದರಲ್ಲಿ ಊರಿನವರು ಬರೆದ ಚಿತ್ರಗಳನ್ನು ತೂಗುಹಾಕಿದ್ದರು. ನನ್ನ ಚಿತ್ರದಲ್ಲಿ ಎಡಕ್ಕೆ ತೆನೆಗಟ್ಟಿದ ಭತ್ತದ ಗದ್ದೆ, ಬಲಕ್ಕೆ ಬಿದಿರಿನ ಸಾರುವೆ ಕಟ್ಟಿಕೊಂಡು ಏಳುತ್ತಿರುವ ಮಾಳಿಗೆ ಮನೆ. ಊರು ಗದ್ದೆಯನ್ನು ನುಂಗುತ್ತಿದೆ ಎಂದು ಒಬ್ಬ ಮೇಷ್ಟ್ರು, ಇಲ್ಲ, ನಾಡು ಮುಂದುವರಿಯುತ್ತಿದೆ ಎಂದು ಇನ್ನೊಬ್ಬರು. ಬರೆದವಳು ನಾನೆಂದು ಅವರಿಗೆ ಗೊತ್ತಿರಲಿಲ್ಲ. ನಾನು ಕುಂಚ ಹಿಡಿದರೆ ಮುಖ ತಿರುಗಿಸುತ್ತಿದ್ದ ಅತ್ತೆ ಅವತ್ತು ಅಲ್ಲಿಗೆ ಬಂದದ್ದೇ ಹೆಚ್ಚು.

ಅತ್ತೆ ಬೆರಳಿಟ್ಟು ತೋರಿಸಿದರು. “ಗದ್ದೇಲಿ ದೃಷ್ಟಿಬೊಂಬೆ ನಿಂತದೆ. ಈ ಮನೆಗ್ಯಾಕೆ ಕಟ್ಟಿಲ್ಲ? ಪೈರು ಬೆಳ್ದಂಗೆ ಇದೂ ಬೆಳೀತಾ ಅದೆ. ಇದಕ್ಕೆ ಕಣ್ಣು ಬೀಳಾಕಿಲ್ವಾ?”

ನನಗೆ ಅದು ಹೊಳೆದೇ ಇರಲಿಲ್ಲ. ನಾನು ಬೇರೆ ಮಾಡಿಟ್ಟಿದ್ದ ಎರಡು ಬದಿಗಳನ್ನು ಅವರು ಒಂದೇ ಮಾತಿನಲ್ಲಿ ಹೊಲಿದುಬಿಟ್ಟರು.

“ಚಿತ್ರ ಬರೆದೋರು ಯಾರಮ್ಮ?” ಎಂದು ಹಿರಿಯ ಮೇಷ್ಟ್ರು ಕೇಳಿದರು. ಅತ್ತೆ ಸೆರಗು ಸರಿಮಾಡಿಕೊಂಡು, ಇಡೀ ಕೋಣೆಗೆ ಕೇಳುವಂತೆ, “ನಮ್ ಸೊಸೆ ಕಣ್ರಪ್ಪ!” ಎಂದರು.

ಚಿತ್ರ ಮನೆಗೆ ಬಂದ ದಿನ ಸಾರುವೆಯ ತುದಿಗೊಂದು ಹುಲ್ಲಿನ ಬೊಂಬೆ ಬರೆದೆ. ಸಂಜೆ ಅತ್ತೆ ಉಪ್ಪು, ಮೆಣಸಿನಕಾಯಿ ಹಿಡಿದು ಬಂದರು. ಚಿತ್ರಕ್ಕಿರಬೇಕೆಂದು ನಾನು ಪಕ್ಕಕ್ಕೆ ಸರಿದೆ. ಅವರು ನನ್ನನ್ನೇ ಕೂರಿಸಿ, ನೀವಾಳಿಸಿ, ಅವನ್ನು ಒಲೆಗೆ ಹಾಕಿದರು. ಉಪ್ಪು ಚಟಪಟ ಸಿಡಿದದ್ದು ನನಗೆ ಚಪ್ಪಾಳೆಯಂತೆ ಕೇಳಿಸಿತು.